ಓಟು ಬಿದ್ದದ್ದು ಬ್ಲೂಟೂತ್‌ಗೆ, ನಾವು ಮಾಡಿದ್ದು ಅಗಲದ ಡಬ್ಬ

ಕಳೆದ ವಾರ ನಮ್ಮ ಎರಡನೇ ಮಾದರಿಯ ಮೊದಲ ಕಂತು ಪ್ಯಾಕ್ ಆಗಿ ಹೊರಟಿತು. ಗ್ರಾಹಕರಿಗೆ ಮೊದಲ ಫಾರ್ಮ್ ಕಳಿಸಿದ ದಿನದಿಂದ ಇಲ್ಲಿಗೆ 14 ತಿಂಗಳು. ‘2 ವಾರ ಓಟು, 4 ತಿಂಗಳು ಕೆಲಸ, ಮುಗೀತು’ ಅಂತ ಗೋಡೆಯ ಬೋರ್ಡಿನ ಮೇಲೆ ಬರೆದಿದ್ದೆ. ಅದನ್ನು ಇನ್ನೂ ಅಳಿಸಿಲ್ಲ. ಕಣ್ಣಿಗೆ ಬಿದ್ದಾಗಲೆಲ್ಲ ನಗು ಬರುತ್ತದೆ.

ನಾವು ಇಬ್ಬರೇ. ಗೆಳೆಯ ಸರ್ಕ್ಯೂಟ್ ನೋಡಿಕೊಳ್ಳುತ್ತಾನೆ. ನಾನು ಫರ್ಮ್‌ವೇರ್ (ಡಬ್ಬದೊಳಗೆ ಓಡುವ ತಂತ್ರಾಂಶ) ಬರೆಯುತ್ತೇನೆ, ಮೇಲ್‌ಗಳಿಗೆ ಉತ್ತರ ಕೊಡುತ್ತೇನೆ, ರಿಪೇರಿಗೆ ಬಂದದ್ದನ್ನು ಬಿಚ್ಚಿ ಕೂರುತ್ತೇನೆ. ನಾವು ಮಾಡುವುದು ಒಂದೇ ವಸ್ತು: ಕಾಲಲ್ಲಿ ಒತ್ತುವ ಮಿಡಿ ಕಂಟ್ರೋಲರ್. ಮಿಡಿ ಅಂದರೆ ಸಂಗೀತ ಸಾಧನಗಳು ಒಂದಕ್ಕೊಂದು ಆದೇಶ ಕಳಿಸುವ ಭಾಷೆ. ಅಲ್ಯೂಮಿನಿಯಂ ಡಬ್ಬ, ಮೇಲೆ ಆರು ಸ್ವಿಚ್. ಗಿಟಾರ್ ನುಡಿಸುವವರಿಗೆ ಎರಡು ಕೈಯೂ ಬಿಡುವಿರುವುದಿಲ್ಲ, ಅದಕ್ಕೆ ಕಾಲು. ಈ ಡಬ್ಬ ತಾನಾಗಿ ಒಂದು ಸದ್ದೂ ಮಾಡುವುದಿಲ್ಲ. ‘12ನೇ ಪ್ರೋಗ್ರಾಂಗೆ ಹೋಗು’, ‘ಲೂಪ್ ಶುರು ಮಾಡು’ ಅಂತ ಬೇರೆ ಸಾಧನಗಳಿಗೆ ಹೇಳುತ್ತದೆ, ಅಷ್ಟೇ. (ಲೂಪ್ ಅಂದರೆ ನುಡಿಸಿದ ತುಣುಕನ್ನೇ ಮತ್ತೆ ಮತ್ತೆ ಕೇಳಿಸುವುದು.)

ಮೊದಲ ಮಾದರಿ 412 ಹೋಗಿತ್ತು. ನಮ್ಮಂಥವರಿಗೆ ಅದು ದೊಡ್ಡ ಸಂಖ್ಯೆ. ಎರಡನೆಯದರಲ್ಲಿ ಏನು ಸೇರಿಸಬೇಕು ಅನ್ನುವುದರ ಮೇಲೆ ನಮ್ಮಿಬ್ಬರಿಗೂ ದಿನಾ ಜಗಳ. ಅವನಿಗೆ ಬ್ಲೂಟೂತ್ ಬೇಕು, ನನಗೆ ಸಣ್ಣ ಪರದೆ ಬೇಕು. ಕೊನೆಗೆ ಅವನೇ ಹೇಳಿದ: “ಬಿಡೋ, ಬಳಸೋರನ್ನೇ ಕೇಳೋಣ. ಜಾಸ್ತಿ ಓಟು ಬಿದ್ದಿದ್ದು ಮಾಡೋಣ.” ಎಷ್ಟು ಸುಲಭ ಅನ್ನಿಸಿತು ಅಂದರೆ, ಅವತ್ತೇ ಸಂಜೆ ಫಾರ್ಮ್ ಕಳಿಸಿಬಿಟ್ಟೆವು.

ಮೊದಲ ಫಾರ್ಮ್‌ನಲ್ಲಿ 9 ಸೌಲಭ್ಯಗಳ ಪಟ್ಟಿ ಇತ್ತು. ಬ್ಲೂಟೂತ್, ಪರದೆ, ಎಂಟು ಸ್ವಿಚ್, ಎರಡನೇ ಎಕ್ಸ್‌ಪ್ರೆಶನ್ ಪೆಡಲ್ ಜ್ಯಾಕ್, ಯುಎಸ್‌ಬಿ ಹೋಸ್ಟ್, ಬ್ಯಾಟರಿ, ಹೀಗೆ. ಕೆಳಗೆ ಒಂದು ಸಾಲು: ‘ನಿಮಗೆ ಬೇಕಾದವಕ್ಕೆಲ್ಲ ಟಿಕ್ ಹಾಕಿ.’

ಮೊದಲ ಗಂಟೆಯಲ್ಲೇ 40 ಉತ್ತರ ಬಂದವು. ಪುಟ ರಿಫ್ರೆಶ್ ಮಾಡುತ್ತಾ ಕೂತಿದ್ದೆ, ಸಂಖ್ಯೆ ಏರುತ್ತಿದ್ದರೆ ಅದೊಂದು ಅಮಲು. ವಾರದ ಕೊನೆಗೆ 143. ಲೆಕ್ಕ ಮಾಡಿದೆವು. ಒಬ್ಬೊಬ್ಬರೂ ಸರಾಸರಿ ಏಳಕ್ಕೆ ಟಿಕ್ ಹಾಕಿದ್ದರು. ಒಂಬತ್ತರಲ್ಲಿ ಏಳು! ಅದರಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಅಂತ ಹೇಳಲು ದಾರಿಯೇ ಇಲ್ಲ. ಪುಕ್ಕಟೆ ಸಿಗುತ್ತದೆ ಅಂದರೆ ಬೇಡ ಅನ್ನುವವರು ಯಾರು? ತಪ್ಪು ಅವರದಲ್ಲ, ನಮ್ಮ ಪ್ರಶ್ನೆಯದು. ಪ್ರತಿಯೊಂದು ಸೌಲಭ್ಯಕ್ಕೂ ಹಣ, ಜಾಗ, ಸಮಯ ಹಿಡಿಯುತ್ತದೆ. ಆ ಮಾತೇ ಫಾರ್ಮ್‌ನಲ್ಲಿ ಇರಲಿಲ್ಲ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಬ್ಲೂಟೂತ್ ಪಟ್ಟಿಯ ಮೊದಲ ಸಾಲಿನಲ್ಲಿತ್ತು. ಪಟ್ಟಿ ಬರೆದವನು ಗೆಳೆಯ, ಅವನ ಆಸೆಯೇ ಮೇಲೆ ಕೂತಿತ್ತು. ಕಣ್ಣಲ್ಲಿ ಓದುವ ಪಟ್ಟಿಯಲ್ಲಿ ಮೇಲಿರುವುದಕ್ಕೆ ಸುಮ್ನೆ ಒಂದಿಷ್ಟು ಓಟು ಜಾಸ್ತಿ ಬೀಳುತ್ತದೆ. ನೀವು ಇಂಥದ್ದು ಮಾಡುವುದಾದರೆ ಆಯ್ಕೆಗಳ ಕ್ರಮ ಒಬ್ಬೊಬ್ಬರಿಗೂ ಬೇರೆ ಬೇರೆ ಬರುವಂತೆ ಇಡಿ. ಬಹಳಷ್ಟು ಫಾರ್ಮ್ ತಂತ್ರಾಂಶಗಳಲ್ಲಿ ಆ ಅನುಕೂಲ ಇದೆ. ನಾವು ನೋಡಿಯೇ ಇರಲಿಲ್ಲ.

ಸರಿ, ಎರಡನೇ ಫಾರ್ಮ್. ಈ ಸಲ ‘ಒಂದೇ ಒಂದು ಆರಿಸಿ’ ಅಂದೆವು. ಜೊತೆಗೆ ಎರಡು ಪ್ರಶ್ನೆ: ನೀವು ಹೆಚ್ಚಾಗಿ ನುಡಿಸುವುದು ವೇದಿಕೆಯಲ್ಲೋ ಮನೆಯಲ್ಲೋ? ಹೊಸದು ಬಂದರೆ ಕೊಳ್ಳುತ್ತೀರಾ? ಕೊನೆಯಲ್ಲಿ ಒಂದು ಖಾಲಿ ಜಾಗ: ‘ಇನ್ನೇನಾದರೂ ಹೇಳುವುದಿದ್ದರೆ ಇಲ್ಲಿ ಬರೆಯಿರಿ.’ ಆ ಖಾಲಿ ಜಾಗವನ್ನು ಸೇರಿಸಿದ್ದು ಬರೀ ಮರ್ಯಾದೆಗೆ. ಕೊನೆಗೆ ನಮ್ಮನ್ನು ಉಳಿಸಿದ್ದು ಅದೇ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೊದಲ ಫಾರ್ಮ್ ತುಂಬಿದವರು ಮತ್ತೆ ತುಂಬುತ್ತಾರೋ ಇಲ್ಲವೋ ಅನ್ನುವ ಭಯ. ನಾನು ಒಂದು ಆಮಿಷ ಇಟ್ಟೆ: ಉತ್ತರ ಕೊಟ್ಟವರಲ್ಲಿ ಚೀಟಿ ಎತ್ತಿ ಒಬ್ಬರಿಗೆ ಹೊಸ ಡಬ್ಬ ಉಚಿತ. 391 ಉತ್ತರ ಬಂದವು. ಮೊದಲ ದಿನ ಖುಷಿಯಾಯಿತು, ಎರಡನೇ ದಿನ ಅನುಮಾನ ಶುರುವಾಯಿತು. ‘ಇದರಲ್ಲಿ ಡ್ರಮ್ ಸದ್ದು ಚೆನ್ನಾಗಿಲ್ಲ’ ಅಂತ ಒಬ್ಬರು ಬರೆದಿದ್ದರು. ನಮ್ಮ ಡಬ್ಬದಲ್ಲಿ ಯಾವ ಸದ್ದೂ ಇಲ್ಲ! ಉಚಿತ ಬಹುಮಾನಗಳ ಪಟ್ಟಿ ಹಂಚಿಕೊಳ್ಳುವ ಜನರ ಕೈಗೆ ನಮ್ಮ ಕೊಂಡಿ ಸಿಕ್ಕಿತ್ತು.

ಅದೃಷ್ಟಕ್ಕೆ ಗೆಳೆಯ ಒಂದು ಪ್ರಶ್ನೆ ತೂರಿಸಿದ್ದ: ‘ಒಂದನೇ ಮತ್ತು ಎರಡನೇ ಸ್ವಿಚ್ ಒಟ್ಟಿಗೆ ಒತ್ತಿದರೆ ಯಾವ ಬಣ್ಣದ ದೀಪ ಮಿನುಗುತ್ತದೆ?’ ಡಬ್ಬ ಇದ್ದವರು ಒಂದು ಸಲ ಕಾಲಿಟ್ಟು ನೋಡಿದರೆ ಸಾಕು, ಇಲ್ಲದವರು ಊಹಿಸಬೇಕು. ನಾಲ್ಕು ಬಣ್ಣದ ಆಯ್ಕೆ, ಜೊತೆಗೆ ‘ನನ್ನ ಬಳಿ ಡಬ್ಬ ಇಲ್ಲ’ ಅಂತ ಒಂದು. ತಪ್ಪು ಬಣ್ಣ ಹೇಳಿದವರನ್ನು, ‘ಇಲ್ಲ’ ಅಂದವರನ್ನು, ಬಣ್ಣ ಸರಿ ಇದ್ದರೂ ಒಂದೇ ನಿಮಿಷದೊಳಗೆ ಅಕ್ಷರಕ್ಕೆ ಅಕ್ಷರ ಒಂದೇ ಥರದ ಉತ್ತರ ಕೊಟ್ಟವರನ್ನು ಬದಿಗಿಟ್ಟೆವು. ಉಳಿದವರು 127. ಹೀಗೆ ಸೋಸಲು ನಾಲ್ಕು ಸಂಜೆ ಹಿಡಿಯಿತು. ಬಹುಮಾನದ ಡಬ್ಬ ಕೊಟ್ಟೆವು, ಮಾತು ಕೊಟ್ಟ ಮೇಲೆ ಕೊಡಲೇಬೇಕಲ್ಲ. ಡಬ್ಬ ಗೆದ್ದವರು ಯಾವ ವಾದ್ಯವನ್ನೂ ನುಡಿಸುವುದಿಲ್ಲವಂತೆ, ಅವರೇ ಮೇಲ್‌ನಲ್ಲಿ ತಿಳಿಸಿದರು.

ಆಮಿಷ ಇಡಲೇಬೇಕು ಅಂತಿದ್ದರೆ, ಡಬ್ಬ ಇರುವವರಿಗೆ ಮಾತ್ರ ಉಪಯೋಗಕ್ಕೆ ಬರುವಂಥದ್ದು ಇಡಿ. ಒಂದು ಬಿಡಿ ಸ್ವಿಚ್, ಒಂದು ಕೇಬಲ್. ಬೇರೆಯವರಿಗೆ ಅದು ಕಸ, ಹಾಗಾಗಿ ಬರುವುದಿಲ್ಲ.

127 ಜನರ ಫಲಿತಾಂಶ ಹೀಗಿತ್ತು. ಬ್ಲೂಟೂತ್ 31. ಎಂಟು ಸ್ವಿಚ್ 28. ಪರದೆ 24. ಉಳಿದ 44 ಓಟು ಬೇರೆ ಆರಕ್ಕೆ ಹಂಚಿಹೋಗಿದ್ದವು. ಗೆಳೆಯ ಕುರ್ಚಿಯಿಂದ ಎದ್ದು ನಿಂತು “ನೋಡ್ದಾ!” ಅಂದ. ಅವತ್ತು ರಾತ್ರಿಯೇ ಬ್ಲೂಟೂತ್ ಮಾಡ್ಯೂಲ್ ಇಟ್ಟು ಸರ್ಕ್ಯೂಟ್ ಬರೆಯಲು ಕೂತ. ಪರದೆ ಮೂರನೇ ಸ್ಥಾನ ಅಂತ ನನಗೆ ಒಳಗೊಳಗೇ ಬೇಜಾರು.

ಆ ಬೇಜಾರೇ ನನ್ನನ್ನು ಲೆಕ್ಕಕ್ಕೆ ಕೂರಿಸಿತು ಅಂತ ಒಪ್ಪಿಕೊಳ್ಳಬೇಕು. ಸೋತವರಿಗೆ ತಾನೇ ಮರು ಎಣಿಕೆ ಬೇಕಾಗುವುದು? 31ಕ್ಕೂ 28ಕ್ಕೂ ನಡುವೆ ಮೂರು ಜನ. 127 ಜನರ ಸಮೀಕ್ಷೆಯಲ್ಲಿ ಶೇ. 9ರಷ್ಟು ಆಚೀಚೆ ಆಗಬಹುದು. ಇದಕ್ಕೊಂದು ಸುಲಭ ಲೆಕ್ಕ ಇದೆ: 1ನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. 100 ಜನಕ್ಕೆ ಶೇ. 10, 400 ಜನಕ್ಕೆ ಶೇ. 5. ಅದೂ ಜನರನ್ನು ಯಾದೃಚ್ಛಿಕವಾಗಿ ಆರಿಸಿದ್ದರೆ ಮಾತ್ರ. ನಮ್ಮವರು ತಾವಾಗಿ ಬಂದವರು, ಅಂದರೆ ಮೇಲ್ ಓದುವವರು, ಮಾತಾಡುವ ಹುಮ್ಮಸ್ಸು ಇರುವವರು. ಸುಮ್ಮನೆ ಡಬ್ಬ ತೆಗೆದುಕೊಂಡು ನುಡಿಸುತ್ತಿರುವ 285 ಜನ ಏನೂ ಹೇಳಿಲ್ಲ. ಹಾಗಾಗಿ ಮೊದಲ ಮೂರರಲ್ಲಿ ಗೆದ್ದದ್ದು ಯಾವುದು ಅಂತ ಹೇಳುವ ಹಾಗೇ ಇರಲಿಲ್ಲ.

ಆಮೇಲೆ ವೇದಿಕೆಯವರನ್ನೂ ಮನೆಯವರನ್ನೂ ಬೇರೆ ಮಾಡಿ ನೋಡಿದೆ. ವೇದಿಕೆಯವರು 58, ಮನೆಯವರು 69. ಪರದೆಗೆ ಬಿದ್ದ 24ರಲ್ಲಿ 21 ಮನೆಯವರದು. ವೇದಿಕೆಯವರಿಗೆ ಪರದೆ ಬೇಕಿಲ್ಲ. ನಿಂತು ನುಡಿಸುವಾಗ ಕಾಲಡಿಯ ಸಣ್ಣ ಅಕ್ಷರ ಯಾರಿಗೆ ಕಾಣುತ್ತದೆ? ‘ಕತ್ತಲಲ್ಲಿ ಕಣ್ಣಿಗೆ ಹೊಡೆಯುತ್ತೆ, ದಯವಿಟ್ಟು ಹಾಕಬೇಡಿ’ ಅಂತ ಇಬ್ಬರು ಬರೆದೇ ಬಿಟ್ಟಿದ್ದರು. ಎರಡು ಬೇರೆ ಗುಂಪಿನ ಓಟುಗಳನ್ನು ಕೂಡಿಸಿ ನಾವು ಯಾರಿಗೂ ಸೇರದ ಒಂದು ಸರಾಸರಿ ಮಾಡಿಕೊಂಡಿದ್ದೆವು. ನನ್ನ ಪರದೆಯ ಆಸೆ ಅಲ್ಲಿಗೆ ಸತ್ತಿತು. ಅಷ್ಟೇನೂ ನೋವಾಗಲಿಲ್ಲ, ಯಾಕೆ ಬೇಡ ಅಂತ ಈಗ ಗೊತ್ತಿತ್ತು.

ಅಷ್ಟರಲ್ಲಿ ಗೆಳೆಯನಿಗೂ ಒಂದು ಪೆಟ್ಟು ಬಿತ್ತು. ನಮ್ಮ ಡಬ್ಬ ಎರಕದ ಅಲ್ಯೂಮಿನಿಯಂ. ಲೋಹದ ಡಬ್ಬದೊಳಗೆ ಆಂಟೆನಾ ಇಟ್ಟರೆ ರೇಡಿಯೊ ಅಲೆ ಹೊರಗೆ ಬರುವುದಿಲ್ಲ, ಅಥವಾ ಜ್ಯಾಕ್‌ಗಳ ತೂತಿನಿಂದ ಅಷ್ಟಿಷ್ಟು ಸೋರುತ್ತದೆ. ಮಾಡ್ಯೂಲ್ ಇಟ್ಟು ಮುಚ್ಚಳ ಹಾಕಿದ, ಫೋನ್ ಎರಡು ಅಡಿ ದೂರ ಹೋದರೆ ಸಂಪರ್ಕ ಕಡಿಯುತ್ತಿತ್ತು. ಪ್ಲಾಸ್ಟಿಕ್ ಕಿಟಕಿ ಕೊರೆಯಬೇಕು, ಇಲ್ಲವೇ ಆಂಟೆನಾ ಹೊರಗಿಡಬೇಕು. ಕಾಲಿಡುವ ವಸ್ತುವಿಗೆ ಹೊರಗಿನ ಆಂಟೆನಾ! ಅದರ ಮೇಲೆ ಪರೀಕ್ಷೆಯ ಖರ್ಚು. ರೇಡಿಯೊ ಇರುವ ಸಾಧನಕ್ಕೆ ಬೇರೆಯೇ ಪರೀಕ್ಷೆಗಳು, ಬೇರೆಯೇ ಕಾಗದಪತ್ರ. ಮೊದಲೇ ಪ್ರಮಾಣಪತ್ರ ಪಡೆದ ಮಾಡ್ಯೂಲ್ ಕೊಂಡರೆ ಹೊರೆ ಕಮ್ಮಿಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಹಳೆಯ ಡಬ್ಬದ ಬೆಲೆ 100 ಅಂತ ಇಟ್ಟುಕೊಳ್ಳಿ. ಬ್ಲೂಟೂತ್ ಸೇರಿಸಿದರೆ ನಮ್ಮ ಲೆಕ್ಕದಲ್ಲಿ 124 ಆಗುತ್ತಿತ್ತು.

ಆಗ ಮಾಡಬೇಕಾದ್ದು ಮೊದಲೇ ಮಾಡಬೇಕಿದ್ದ ಕೆಲಸ. ಬ್ಲೂಟೂತ್‌ಗೆ ಓಟು ಹಾಕಿದ 31 ಜನಕ್ಕೂ ಬರೆದೆ. ಪ್ರಶ್ನೆ ಒಂದೇ: ‘ಬ್ಲೂಟೂತ್ ಇದ್ದಿದ್ದರೆ ಅಂತ ಕಳೆದ ಸಲ ಅನ್ನಿಸಿದ್ದು ಯಾವಾಗ? ಆಗ ಏನು ಮಾಡುತ್ತಿದ್ದಿರಿ?’ (‘ನಿಮ್ಮನ್ನು ಸಂಪರ್ಕಿಸಬಹುದೇ’ ಅಂತ ಫಾರ್ಮ್‌ನಲ್ಲೇ ಕೇಳಿ ಒಪ್ಪಿಗೆ ಪಡೆದಿದ್ದೆವು. ಇದನ್ನು ಮರೆಯಬೇಡಿ. ಒಪ್ಪಿಗೆ ಇಲ್ಲದೆ ಮೇಲ್ ವಿಳಾಸ ಇಟ್ಟುಕೊಂಡರೆ ಯುರೋಪಿನ ಗ್ರಾಹಕರ ವಿಷಯದಲ್ಲಿ ಜಿಡಿಪಿಆರ್ (ಅಲ್ಲಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು) ಅಡ್ಡ ಬರಬಹುದು. ವಿಳಾಸ ಕೇಳುವ ಜಾಗ ಐಚ್ಛಿಕವಾಗಿರಲಿ.)

19 ಜನ ಉತ್ತರಿಸಿದರು, ಕೆಲವರ ಜೊತೆ ಫೋನಿನಲ್ಲೂ ಮಾತಾಡಿದೆ. ಮೂವರಿಗೆ ಮಾತ್ರ ನಿಜಕ್ಕೂ ತಂತಿ ಇಲ್ಲದೆ ಮಿಡಿ ಕಳಿಸಬೇಕಿತ್ತು. ಇಬ್ಬರು ‘ಈಗ ಎಲ್ಲದರಲ್ಲೂ ಇರುತ್ತಲ್ಲ, ಅದಕ್ಕೆ ಹಾಕಿದೆ’ ಅಂದರು. ಉಳಿದ 14 ಜನ ಹೇಳಿದ್ದು ಒಂದೇ ಕಥೆ: ಅಭ್ಯಾಸದ ಕೋಣೆಯಲ್ಲಿ ಒಂದು ಸ್ವಿಚ್ಚಿನ ಕೆಲಸ ಬದಲಾಯಿಸಬೇಕಿತ್ತು. ನಮ್ಮ ಸೆಟ್ಟಿಂಗ್ ತಂತ್ರಾಂಶ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ಕಂಪ್ಯೂಟರ್ ಮನೆಯಲ್ಲಿದೆ, ಕೈಯಲ್ಲಿ ಫೋನ್ ಇದೆ. ಬ್ಲೂಟೂತ್ ಇದ್ದಿದ್ದರೆ ಫೋನಿನಲ್ಲೇ ಮಾಡಬಹುದಿತ್ತಲ್ಲ!

ಗೆಳೆಯನಿಗೆ ಓದಿ ಹೇಳಿದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಂದ್ರೆ ಇವರಿಗೆ ಬೇಕಾಗಿರೋದು ಬ್ಲೂಟೂತ್ ಅಲ್ಲ ಕಣೋ, ಫೋನಲ್ಲಿ ಸೆಟ್ಟಿಂಗ್” ಅಂದ. ಅವನ ಆರು ವಾರದ ಕೆಲಸ ಆ ಒಂದು ವಾಕ್ಯದಲ್ಲಿ ಮುಗಿಯಿತು. ಅವನ ಮುಖ ನೋಡಿ ನನಗೆ ಗೆದ್ದ ಖುಷಿ ಏನೂ ಆಗಲಿಲ್ಲ.

ಫೋನಿನಲ್ಲಿ ಸೆಟ್ಟಿಂಗ್ ಮಾಡಲು ರೇಡಿಯೊ ಬೇಕಿಲ್ಲ. ಯುಎಸ್‌ಬಿ-ಸಿ ಕೇಬಲ್ ಹಾಕಿ ಬ್ರೌಸರ್‌ನಲ್ಲೇ ಮಾಡಬಹುದು, ವೆಬ್ ಮಿಡಿ ಅನ್ನುವ ವ್ಯವಸ್ಥೆ ಅದಕ್ಕೇ ಇದೆ. ಕ್ರೋಮ್‌ನಲ್ಲಿ 2015ರಿಂದ ಇದೆ, ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಡೆಸ್ಕ್‌ಟಾಪ್ ಫೈರ್‌ಫಾಕ್ಸ್‌ಗೆ 2022ರ ಕೊನೆಯಲ್ಲಿ ಬಂತು. ಸಫಾರಿಯಲ್ಲಿ ಇಲ್ಲ, ಹಾಗಾಗಿ ಐಫೋನ್ ಇರುವವರಿಗೆ ನಮ್ಮ ಉತ್ತರ ಅರ್ಧ ಮಾತ್ರ. 14 ಜನರಲ್ಲಿ ಐವರು ಐಫೋನಿನವರು. ಅವರಿಗೆ ನೇರವಾಗಿ ಹೀಗೆ ಹೀಗೆ ಅಂತ ಬರೆದೆ. ಒಬ್ಬರು ಬೇಸರ ಮಾಡಿಕೊಂಡರು, ನಾಲ್ವರು ‘ಹೇಳಿದ್ದು ಒಳ್ಳೆಯದಾಯಿತು, ಬೇರೆಯವರ ಫೋನ್ ಇಸ್ಕೋತೀವಿ’ ಅಂದರು.

ಈಗ ಆ ಖಾಲಿ ಜಾಗದ ಮಾತು. 127ರಲ್ಲಿ 61 ಜನ ಅಲ್ಲಿ ಏನಾದರೂ ಬರೆದಿದ್ದರು. ನಾವು ಮೇಲಿಂದ ಮೇಲೆ ಕಣ್ಣಾಡಿಸಿ ಬಿಟ್ಟಿದ್ದೆವು, ಎಣಿಸಲು ಆಗದ್ದು ಅಂತ. ಒಂದು ರಾತ್ರಿ ನಿದ್ದೆ ಬರದೆ ಅವನ್ನೆಲ್ಲ ಪ್ರಿಂಟ್ ತೆಗೆದು, ಕತ್ತರಿಸಿ, ನೆಲದ ಮೇಲೆ ಹರಡಿ ಒಂದೇ ಥರದವನ್ನು ಒಟ್ಟಿಗೆ ಇಡುತ್ತಾ ಹೋದೆ. ಒಂದು ರಾಶಿ ಬೆಳೆಯುತ್ತಲೇ ಹೋಯಿತು. ‘ದಪ್ಪ ಶೂ ಹಾಕಿದರೆ ಎರಡು ಸ್ವಿಚ್ ಒಟ್ಟಿಗೆ ಒತ್ತಿಹೋಗುತ್ತೆ.’ ‘ಹಾಡಿನ ಮಧ್ಯೆ ಬ್ಯಾಂಕ್ ಬದಲಾಗಿ ಮಾನ ಹೋಯ್ತು.’ (ಬ್ಯಾಂಕ್ ಅಂದರೆ ಆರು ಸ್ವಿಚ್‌ಗಳ ಕೆಲಸಗಳ ಒಂದು ಗುಂಪು. ಅದು ಬದಲಾದರೆ ಅದೇ ಸ್ವಿಚ್ ಬೇರೆ ಕೆಲಸ ಮಾಡುತ್ತದೆ.) ‘ನಾನು ಬರಿಗಾಲಲ್ಲೇ ನುಡಿಸೋದು, ಇಲ್ಲಾಂದ್ರೆ ಆಗಲ್ಲ.’ 22 ಚೀಟಿ. ಅದರಲ್ಲಿ 17 ವೇದಿಕೆಯವರದು.

ನಮ್ಮ 9ರ ಪಟ್ಟಿಯಲ್ಲಿ ಸ್ವಿಚ್‌ಗಳ ಅಂತರ ಅನ್ನುವುದೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಓಟು ಹಾಕುವುದು ಹೇಗೆ?

ಅದಕ್ಕಿಂತ ಚುಚ್ಚಿದ್ದು ಬೇರೆ. ಹಳೆಯ ಮೇಲ್‌ಗಳನ್ನು ಹುಡುಕಿದೆ. ಇದೇ ದೂರು ಎರಡು ವರ್ಷದಿಂದ ಬರುತ್ತಿತ್ತು, ಪ್ರತಿಯೊಬ್ಬರಿಗೂ ನಾನೇ ಸೌಮ್ಯವಾಗಿ ‘ಸ್ವಿಚ್ಚಿನ ಅಂಚಿನಲ್ಲಿ ಒತ್ತಿ ನೋಡಿ’ ಅಂತ ಉತ್ತರ ಕೊಟ್ಟಿದ್ದೆ. ಬಿಡಿ ಬಿಡಿಯಾಗಿ ಬಂದಾಗ ಅದು ಒಬ್ಬೊಬ್ಬರ ಕಾಲಿನ ಸಮಸ್ಯೆ ಅನ್ನಿಸಿತ್ತು. ನೆಲದ ಮೇಲೆ ರಾಶಿಯಾದಾಗ ಡಬ್ಬದ ಸಮಸ್ಯೆ ಅಂತ ಕಂಡಿತು. ರಿಪೇರಿ ಪುಸ್ತಕವನ್ನೂ ತೆಗೆದೆ. ‘ತನ್ನಷ್ಟಕ್ಕೆ ಬ್ಯಾಂಕ್ ಬದಲಾಗುತ್ತದೆ’ ಅಂತ ವಾಪಸ್ ಬಂದಿದ್ದ 8 ಡಬ್ಬಗಳ ಮುಂದೆ ನಾನು ‘ದೋಷ ಕಂಡುಬಂದಿಲ್ಲ’ ಅಂತ ಬರೆದಿದ್ದೆ. ಮೇಜಿನ ಮೇಲಿಟ್ಟು ಬೆರಳಲ್ಲಿ ಒತ್ತಿದರೆ ದೋಷ ಎಲ್ಲಿ ಕಾಣಬೇಕು?

ಕಾರಣ ನಮ್ಮ ಜಾಣತನವೇ. ಪಕ್ಕಪಕ್ಕದ ಎರಡು ಸ್ವಿಚ್ ಒಟ್ಟಿಗೆ ಒತ್ತಿದರೆ ಬ್ಯಾಂಕ್ ಬದಲಾಗುವ ಹಾಗೆ ಮಾಡಿದ್ದೆವು. ಒಂದೇ ಪಾದದಲ್ಲಿ ಎರಡನ್ನೂ ಒತ್ತಲು ಬರಲಿ ಅಂತ ಅವುಗಳ ನಡುವೆ 48 ಮಿ.ಮೀ. ಮಾತ್ರ ಬಿಟ್ಟಿದ್ದೆವು. ಬೇಕಂತ ಒತ್ತುವುದು ಸುಲಭವಾದಷ್ಟೇ ಬೇಡದೆ ಒತ್ತುವುದೂ ಸುಲಭವಾಗಿತ್ತು. ಇನ್ನು ಎಂಟು ಸ್ವಿಚ್‌ಗೆ ಓಟು ಹಾಕಿದ 28 ಜನರನ್ನು ಕೇಳಿದರೆ, ಅವರಲ್ಲೂ ಅರ್ಧಕ್ಕರ್ಧ ‘ಬ್ಯಾಂಕ್ ಬದಲಾಯಿಸೋ ಗೋಜೇ ಬೇಡ’ ಅಂತ ಎಂಟು ಕೇಳಿದವರು. ಅದೇ ಡಬ್ಬದಲ್ಲಿ ಎಂಟು ತುರುಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಓಟಿನ ಮಾತು ಕೇಳಿ ಸ್ವಿಚ್‌ಗಳನ್ನು ಇನ್ನೂ ಹತ್ತಿರ ಹತ್ತಿರ ಜೋಡಿಸಿ ಕಾಯಿಲೆಯನ್ನು ಹೆಚ್ಚಿಸುತ್ತಿದ್ದೆವು.

ಇಷ್ಟಾದ ಮೇಲೆ ಮೂರನೇ ಫಾರ್ಮ್ ಕಳಿಸಲು ನನಗೆ ಧೈರ್ಯವಿರಲಿಲ್ಲ. ಆದರೆ ಒಂದು ಪ್ರಶ್ನೆ ಬಾಕಿ ಇತ್ತು. ಐದು ಪಿನ್ನಿನ ಹಳೆಯ ಮಿಡಿ ಜ್ಯಾಕ್ ತೆಗೆದುಹಾಕಿ, ಸಣ್ಣ 3.5 ಮಿ.ಮೀ. ಜ್ಯಾಕ್ ಒಂದನ್ನೇ ಇಟ್ಟರೆ ಹೇಗೆ? ದೊಡ್ಡ ಜ್ಯಾಕ್ ತುಂಬಾ ಜಾಗ ತಿನ್ನುತ್ತದೆ. ‘ಐದು ಪಿನ್ನಿನ ಜ್ಯಾಕ್ ಇರಲಿ’ ಅನ್ನುವುದು ಎರಡನೇ ಫಾರ್ಮ್‌ನ 9 ಆಯ್ಕೆಗಳಲ್ಲಿ ಒಂದಾಗಿತ್ತು. ಅದಕ್ಕೆ ಬಿದ್ದದ್ದು 2 ಓಟು. ತೆಗೆಯಬಹುದು ಅಂತ ನಾವಿಬ್ಬರೂ ಒಪ್ಪಿಯೇ ಬಿಟ್ಟಿದ್ದೆವು.

ಅಷ್ಟರಲ್ಲಿ ಕಾನೋ ವಿಧಾನದ ಬಗ್ಗೆ ಓದಿದೆ. ನೋರಿಯಾಕಿ ಕಾನೋ ಅನ್ನುವ ಜಪಾನಿನ ಪ್ರೊಫೆಸರ್ ಮತ್ತು ಜೊತೆಗಾರರು 1984ರಲ್ಲಿ ಹೇಳಿದ್ದು. ಒಂದೊಂದು ಸೌಲಭ್ಯಕ್ಕೂ ಎರಡೆರಡು ಪ್ರಶ್ನೆ ಕೇಳಬೇಕು: ಇದ್ದರೆ ಹೇಗನ್ನಿಸುತ್ತದೆ? ಇಲ್ಲದಿದ್ದರೆ ಹೇಗನ್ನಿಸುತ್ತದೆ? ಮೂರೇ ಸೌಲಭ್ಯ ಇಟ್ಟು 40 ಜನಕ್ಕೆ ಕಳಿಸಿದೆ. ಐದು ಪಿನ್ ಜ್ಯಾಕ್ ‘ಇದ್ದರೆ’ ಅಂದಾಗ ಹೆಚ್ಚಿನವರು ‘ಇರಲೇಬೇಕಲ್ಲ’ ಅಂದರು. ‘ಇಲ್ಲದಿದ್ದರೆ’ ಅಂದಾಗ ವೇದಿಕೆಯವರಲ್ಲಿ ಹೆಚ್ಚಿನವರು ‘ಕೊಳ್ಳುವುದಿಲ್ಲ’ ಅಂದರು. ನಾನು ಬೆವತುಬಿಟ್ಟೆ. ಮನೆಗೆ ಬಾಗಿಲು ಬೇಕು ಅಂತ ಯಾರೂ ಓಟು ಹಾಕುವುದಿಲ್ಲ, ಇದ್ದೇ ಇರುತ್ತದೆ ಅಂದುಕೊಂಡಿರುತ್ತಾರೆ. ನಾವು ಎರಡೇ ಓಟು ಅಂತ ಬಾಗಿಲನ್ನೇ ಕೀಳಲು ಹೊರಟಿದ್ದೆವು.

ಈ ಜ್ಯಾಕಿಗೆ ಅಷ್ಟು ಹಠ ಯಾಕೆ ಅಂದರೆ, ಮಿಡಿ ಬಂದದ್ದು 1983ರಲ್ಲಿ. ಆಗಿನ ಸಾಧನಗಳು ಇವತ್ತೂ ವೇದಿಕೆಯ ಮೇಲಿವೆ, ಇವತ್ತಿನ ಡಬ್ಬದ ಜೊತೆ ಮಾತಾಡುತ್ತವೆ. ವೇಗ ಈಗಲೂ ಸೆಕೆಂಡಿಗೆ 31,250 ಬಿಟ್, ಮೂರು ಬೈಟಿನ ಒಂದು ಸಂದೇಶಕ್ಕೆ ಒಂದು ಮಿಲಿಸೆಕೆಂಡ್‌ನಷ್ಟು ಸಾಕು. 3.5 ಮಿ.ಮೀ. ಜ್ಯಾಕಿನದ್ದು ಬೇರೆ ರಗಳೆ. ಟೈಪ್ ಎ, ಟೈಪ್ ಬಿ ಅಂತ ಎರಡು ಥರದ ತಂತಿ ಜೋಡಣೆ ಇತ್ತು, 2018ರಲ್ಲಿ ಟೈಪ್ ಎ ಅಧಿಕೃತವಾಯಿತು. ಅದಕ್ಕೂ ಮುಂಚಿನ ಸಾಧನಗಳು ಎರಡೂ ಥರ ಇವೆ. ತಪ್ಪು ಕೇಬಲ್ ಹಾಕಿದರೆ ಏನೂ ಸುಡುವುದಿಲ್ಲ, ಸುಮ್ಮನೆ ಏನೂ ನಡೆಯುವುದಿಲ್ಲ. ವೇದಿಕೆಯಲ್ಲಿ ಅದಕ್ಕಿಂತ ಕೆಟ್ಟದ್ದು ಇದೆಯೇ? ಕೊನೆಗೆ ಎರಡೂ ಜ್ಯಾಕ್ ಇಟ್ಟೆವು, ಸಣ್ಣದರಲ್ಲಿ ಎ-ಬಿ ಬದಲಾಯಿಸುವ ಸೆಟ್ಟಿಂಗ್ ಕೊಟ್ಟೆವು.

ಅಂತರ ಎಷ್ಟಿರಬೇಕು ಅನ್ನುವುದನ್ನು ಮಾತ್ರ ಯಾವ ಫಾರ್ಮ್‌ನಲ್ಲೂ ಕೇಳಲಿಲ್ಲ. ‘ನಿಮಗೆ ಎಷ್ಟು ಮಿಲಿಮೀಟರ್ ಬೇಕು?’ ಅಂತ ಕೇಳಿದರೆ ಯಾರಿಗೆ ಗೊತ್ತು? ಪ್ಲೈವುಡ್ ಹಲಗೆಯಲ್ಲಿ 55, 65, 75, 90 ಮಿ.ಮೀ. ಅಂತರದಲ್ಲಿ ಸ್ವಿಚ್ ಕೂರಿಸಿ ನಾಲ್ಕು ಹಲಗೆ ಮಾಡಿದೆವು. ನುಡಿಸುವ ಗೆಳೆಯರನ್ನು ಕರೆದು, ಬರಿಗಾಲು, ಸಾಧಾರಣ ಶೂ, ದಪ್ಪ ಬೂಟು ಮೂರರಲ್ಲೂ ಕೆಳಗೆ ನೋಡದೆ ಒತ್ತಿಸಿದೆವು. 55ರಲ್ಲಿ ಬೂಟಿನವರೆಲ್ಲ ತಪ್ಪಿದರು. 65ರಲ್ಲಿ ಸುಸ್ತಾದಾಗ ತಪ್ಪು ಶುರುವಾಯಿತು. 90ರಲ್ಲಿ ತಪ್ಪಿಲ್ಲ, ಆದರೆ ಡಬ್ಬ ಸಾಧಾರಣ ಪೆಡಲ್‌ಬೋರ್ಡಿನಲ್ಲಿ (ಪೆಡಲ್‌ಗಳನ್ನು ಜೋಡಿಸಿಡುವ ಹಲಗೆ) ಕೂರುವುದಿಲ್ಲ. 75 ಅಂತ ತೀರ್ಮಾನವಾಯಿತು. ಒಂದು ಮಧ್ಯಾಹ್ನದ ಕೆಲಸ, ಖರ್ಚು ಒಂದು ಹಲಗೆ. ಇಡೀ 14 ತಿಂಗಳಲ್ಲಿ ಇಷ್ಟು ಅಗ್ಗವಾಗಿ ಇನ್ಯಾವುದನ್ನೂ ಕಲಿಯಲಿಲ್ಲ.

ಬ್ಯಾಂಕ್ ಬದಲಾವಣೆಯನ್ನು ಉದ್ದ ಒತ್ತುವಿಕೆಗೆ ಹಾಕಿದೆವು. ಅದರಲ್ಲೂ ಒಂದು ತೊಡಕು ಇದೆ, ಇದನ್ನು ಮಾಡುವವರು ಗಮನಿಸಿ. ಒಂದು ಸ್ವಿಚ್ಚಿಗೆ ಉದ್ದ ಒತ್ತು ಇದೆ ಅಂದರೆ, ಗಿಡ್ಡ ಒತ್ತಿನ ಕೆಲಸ ಕಾಲು ಎತ್ತುವವರೆಗೆ ಕಾಯಬೇಕು. ಇಲ್ಲದಿದ್ದರೆ ಯಾವುದು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಲೂಪ್ ಶುರು ಮಾಡುವ ಸ್ವಿಚ್ಚಿನಲ್ಲಿ ಈ ತಡ ತಾಳ ಕೆಡಿಸುತ್ತದೆ. ಹಾಗಾಗಿ ಎರಡು ಸ್ವಿಚ್ಚಿಗೆ ಮಾತ್ರ ಉದ್ದ ಒತ್ತು, ಉಳಿದ ನಾಲ್ಕು ಮುಟ್ಟಿದ ತಕ್ಷಣ ಕೆಲಸ ಮಾಡುತ್ತವೆ.

ಫಲಿತಾಂಶ ಎಲ್ಲರಿಗೂ ತಿಳಿಸುವ ದಿನ ಬಂತು. ಬರೆದು ಅಳಿಸಿ ಬರೆದು ಮೂರು ದಿನ ಕಳೆದೆ. ಮೊದಲ ಮೂರು ಸ್ಥಾನದಲ್ಲಿ ಬಂದ ಯಾವುದನ್ನೂ ಮಾಡುತ್ತಿಲ್ಲ ಅಂತ ಹೇಳುವುದು ಹೇಗೆ? ಸಂಖ್ಯೆಗಳನ್ನು ಹಾಗೇ ಹಾಕಿದೆ, ಬ್ಲೂಟೂತ್ ಯಾಕಿಲ್ಲ, ಎಂಟು ಯಾಕಲ್ಲ ಅಂತ ವಿವರಿಸಿದೆ, ನೆಲದ ಮೇಲಿನ ಚೀಟಿಗಳ ಫೋಟೊ ಹಾಕಿದೆ. ಬಹಳ ಜನ ಒಪ್ಪಿದರು. ಆರು ಜನ ಸಿಟ್ಟಾಗಿ ಬರೆದರು. ‘ಮಾಡೋದು ನಿಮ್ಮಿಷ್ಟ ಅಂದ್ರೆ ನಮ್ಮನ್ನ ಯಾಕೆ ಕೇಳಿದ್ರಿ?’ ಅನ್ನುವ ಸಾಲು ಈಗಲೂ ನೆನಪಾಗುತ್ತದೆ. ಅವರ ಮಾತಿನಲ್ಲಿ ನ್ಯಾಯ ಇದೆ. ‘ಯಾವುದನ್ನು ಮಾಡಲಿ?’ ಅಂತ ಕೇಳಿದರೆ ಜನ ಅದನ್ನು ಕೊಟ್ಟ ಮಾತು ಅಂದುಕೊಳ್ಳುತ್ತಾರೆ. ‘ಇದು ಚುನಾವಣೆ ಅಲ್ಲ, ತೀರ್ಮಾನ ನಮ್ಮದು’ ಅಂತ ಫಾರ್ಮ್‌ನ ಮೊದಲ ಸಾಲಿನಲ್ಲೇ ಹಾಕಬೇಕಿತ್ತು.

ಮುಂಗಡದ ಕಥೆ ಚಿಕ್ಕದು. ‘ಖಂಡಿತ ಕೊಳ್ಳುತ್ತೇನೆ’ ಅಂದಿದ್ದವರು 96. ಯಾವಾಗ ಬೇಕಾದರೂ ವಾಪಸ್ ಪಡೆಯಬಹುದಾದ ಸಣ್ಣ ಮುಂಗಡ ಕೇಳಿದಾಗ ಕೊಟ್ಟವರು 41. ಬೇಜಾರಾಯಿತು, ಆದರೆ ಬಿಡಿಭಾಗ ತರಿಸಲು ನಂಬಬಹುದಾದ ಸಂಖ್ಯೆ ಅದೊಂದೇ ಆಗಿತ್ತು. ಖಂಡಿತ ಅನ್ನುವ ಪದದ ಮೇಲೆ ಬಿಡಿಭಾಗ ಆರ್ಡರ್ ಮಾಡಬೇಡಿ.

ಉಳಿದದ್ದೆಲ್ಲ ಕಾಯುವುದು. ಅಗಲದ ಡಬ್ಬ ರೆಡಿಮೇಡ್ ಸಿಗುವುದಿಲ್ಲ, ಮಾಡಿಸಬೇಕು. 8 ವಾರ ಅಂದವರು 11 ವಾರಕ್ಕೆ ಕೊಟ್ಟರು. ಬಂದ ಮೊದಲ ಕಂತಿನಲ್ಲಿ ಜ್ಯಾಕಿನ ತೂತುಗಳು ಒಂದು ಮಿ.ಮೀ. ಪಕ್ಕಕ್ಕೆ ಸರಿದಿದ್ದವು. ಡ್ರಾಯಿಂಗ್ ತೆಗೆದು ನೋಡಿದರೆ ತಪ್ಪು ಅರ್ಧ ಅವರದು, ಅರ್ಧ ನಮ್ಮದು. ಎರಡು ಕಡೆ ಎರಡು ಅಳತೆ ಬರೆದಿದ್ದೆವು. ಮತ್ತೆ 5 ವಾರ. ರೇಡಿಯೊ ಇಲ್ಲದಿದ್ದರೂ ವಿದ್ಯುತ್ಕಾಂತೀಯ ಪರೀಕ್ಷೆ ತಪ್ಪುವುದಿಲ್ಲ, ಲ್ಯಾಬಿನಲ್ಲಿ ದಿನ ಸಿಗಲು 5 ವಾರ ಕಾದೆವು. ಪರೀಕ್ಷೆ ಮಾತ್ರ ಅರ್ಧ ದಿನದಲ್ಲಿ ಮುಗಿಯಿತು, ಒಂದೇ ಸಲಕ್ಕೆ ಪಾಸ್. ಗೆಳೆಯ ಅವತ್ತು ಬ್ಲೂಟೂತ್ ಮಾಡ್ಯೂಲನ್ನು ಡ್ರಾಯರ್‌ಗೆ ಹಾಕಿ ಬೀಗ ಹಾಕಿದ. ಬೆಲೆ ಕೊನೆಗೆ 112ಕ್ಕೆ ನಿಂತಿತು, ಹೆಚ್ಚಾದದ್ದರಲ್ಲಿ ಮುಕ್ಕಾಲು ಪಾಲು ಆ ಡಬ್ಬದ್ದೇ.

ನಾಲ್ಕು ದಿನದ ಹಿಂದೆ ಹೊಸ ಡಬ್ಬದ ಬಗ್ಗೆ ಮೊದಲ ಮೇಲ್ ಬಂತು. ‘ಯಾಕಿಷ್ಟು ದೂರ ದೂರ ಇಟ್ಟಿದ್ದೀರಿ? ಕಾಲು ಚಾಚಿ ಚಾಚಿ ಸಾಕಾಯ್ತು’ ಅಂತ. ಗೆಳೆಯ ಓದಿ ಬಿದ್ದು ಬಿದ್ದು ನಕ್ಕ. ಅಂಚಿನಲ್ಲಿ ಒತ್ತಿ ಅಂತ ನಾನು ಈ ಸಲ ಬರೆಯಲಿಲ್ಲ. ಡಬ್ಬ ಎಲ್ಲಿ ಇಟ್ಟಿದ್ದೀರಿ, ಕೂತು ನುಡಿಸುತ್ತೀರಾ ನಿಂತಾ, ಶೂ ಅಳತೆ ಎಷ್ಟು ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.